ಡೀಸೆಲ್ ಕೂಪೆ ತಗೋಬೋದಾ? ದಾವಣಗೆರೆ ಟು ಬೆಂಗಳೂರು ಓಡಾಡೋರಿಗೆ ಒಂದು ಉದ್ದದ ಉತ್ತರ

ಪ್ರಶ್ನೆ: ಸರ್, ನಮ್ದು ದಾವಣಗೆರೆ, ಅಡಿಕೆ ವ್ಯಾಪಾರ. ವಾರಕ್ಕೊಂದ್ಸಲ ಬೆಂಗಳೂರಿಗೆ ಹೋಗಿ ಬರೋದು ಇದ್ದೇ ಇರುತ್ತೆ. 2014ರ ಬಿಎಂಡಬ್ಲ್ಯು 640ಡಿ ಗ್ರಾನ್ ಕೂಪೆ ಸೆಕೆಂಡ್ ಹ್ಯಾಂಡಲ್ಲಿ ಒಂದು ನೋಡಿದೀನಿ, ಡೆಲ್ಲಿ ಗಾಡಿ, ರೇಟ್ ಕೇಳಿದ್ರೆ ಆಸೆ ಹುಟ್ಟುತ್ತೆ. ಫ್ರೆಂಡ್ಸ್ ಎಲ್ಲ ಕೂಪೆ ಅಂದ್ರೆ ಪೆಟ್ರೋಲೇ ಇರಬೇಕು, ಡೀಸೆಲ್ ಹಾಕಿದ್ರೆ ರೇಷ್ಮೆ ಪಂಚೆ ಉಟ್ಕೊಂಡು ಗದ್ದೆಗೆ ಇಳಿದಂಗೆ ಅಂತಾರೆ. ಹೌದಾ? ಇಂಜಿನ್ ಹೆಂಗೆ, ಓಡ್ಸೋಕೆ ಹೆಂಗೆ? ಮನೇಲಿ ಅಮ್ಮ ಇದಾರೆ, ಮಂಡಿ ನೋವು, ಅವರನ್ನೂ ಕೂರಿಸ್ಕೊಂಡು ಹೋಗ್ಬೇಕು. ತಗೊಳ್ಲಾ ಬೇಡ್ವಾ?

ಉತ್ತರ: ನೋಡ್ರಿ, ನಾನು ಕೆಲಸ ಕಲಿತಿದ್ದೇ ಲಾರಿಗಳ ಡೀಸೆಲ್ ಪಂಪ್ ರಿಪೇರಿ ಮಾಡೋ ಪಂಪ್ ರೂಮಲ್ಲಿ. ಪಿಬಿ ರೋಡ್ ಕಡೆ ಒಂದು ಸಣ್ಣ ಜಾಗ, ಒಂದು ಕ್ಯಾಲಿಬ್ರೇಷನ್ ಬೆಂಚು, ಕೈಗೆ ಹತ್ತಿದ ಡೀಸೆಲ್ ವಾಸನೆ ಊಟಕ್ಕೆ ಕೂತಾಗ್ಲೂ ಹೋಗ್ತಿರ್ಲಿಲ್ಲ. ಆಮೇಲೆ ಕಾಮನ್ ರೈಲ್ (ಎಲ್ಲಾ ಸಿಲಿಂಡರಿಗೂ ಒಂದೇ ಪೈಪಿಂದ ಭಾರಿ ಒತ್ತಡದಲ್ಲಿ ಡೀಸೆಲ್ ಕೊಡೋ ವ್ಯವಸ್ಥೆ) ಬಂತು, ಸ್ಕ್ಯಾನರ್ ಬಂತು, ದೊಡ್ಡ ದೊಡ್ಡ ಕಾರುಗಳೂ ಬಂದ್ವು. ಹಂಗಾಗಿ ಡೀಸೆಲ್ ಬಗ್ಗೆ ಯಾರಾದ್ರೂ ಹಗುರವಾಗಿ ಮಾತಾಡಿದ್ರೆ ನಂಗೆ ಸುಮ್ನೆ ಇರೋಕಾಗಲ್ಲ, ಅದಕ್ಕೇ ಸ್ವಲ್ಪ ಉದ್ದ ಬರೀತಿದೀನಿ, ಪುರುಸೊತ್ತು ಮಾಡ್ಕೊಂಡು ಓದಿ.

ಮೊದ್ಲು ನಿಮ್ಮ ಫ್ರೆಂಡ್ಸ್ ಮಾತಿಗೆ ಬರೋಣ. ಕೂಪೆಗೆ, ಅಂದ್ರೆ ರೂಫ್ ಹಿಂದಕ್ಕೆ ಇಳಿದಿರೋ, ತಗ್ಗಾಗಿರೋ, ಸಾಮಾನ್ಯವಾಗಿ ಎರಡೇ ಬಾಗಿಲಿನ ಕಾರಿಗೆ, ಡೀಸೆಲ್ ಹಾಕೋದು ನಿನ್ನೆ ಮೊನ್ನೆ ಯಾರಿಗೋ ಹೊಳೆದಿದ್ದಲ್ಲ. ಮರ್ಸಿಡಿಸ್‌ನೋರು 1977ರಲ್ಲೇ 300ಸಿಡಿ ಅಂತ ಎರಡು ಬಾಗಿಲಿನ ಕೂಪೆ ಮಾಡಿದ್ರು, ಐದು ಸಿಲಿಂಡರ್ ಮೂರು ಲೀಟರ್ ಡೀಸೆಲ್, ಅದನ್ನ ಮಾರಿದ್ದು ಅಮೆರಿಕಾ ಕಡೆ ಮಾತ್ರ. ಅಲ್ಲಿನ ಸರ್ಕಾರ ಆಗಷ್ಟೇ ಪ್ರತಿ ಕಂಪನಿ ಮಾರೋ ಕಾರುಗಳ ಸರಾಸರಿ ಮೈಲೇಜ್ ಇಷ್ಟಿರಲೇಬೇಕು ಅಂತ ರೂಲ್ ತಂದಿತ್ತು, ಆ ಲೆಕ್ಕ ಸರಿದೂಗಿಸೋಕೆ ಡೀಸೆಲ್ ಬೇಕಾಗಿತ್ತು. ಟರ್ಬೊ (ಇಂಜಿನ್ನಿಗೆ ಗಾಳಿ ಒತ್ತಿ ತುಂಬೋ ಸಾಧನ) ಇಲ್ಲದ ಆ ಮೊದಲನೇ ಗಾಡಿ ನಿಧಾನ ಇತ್ತು, ಅದನ್ನ ಒಪ್ಕೋತೀನಿ. ಆದ್ರೆ 1978ರಲ್ಲಿ ಅದೇ ಮರ್ಸಿಡಿಸ್‌ನೋರು ಸಿ111 ಅನ್ನೋ ಪ್ರಯೋಗದ ಕಾರಿಗೆ ಅದೇ ಐದು ಸಿಲಿಂಡರ್ ಜಾತಿಯ ಡೀಸೆಲ್‌ಗೆ ಟರ್ಬೊ ಕೂರಿಸಿ, ಇಟಲಿಯ ನಾರ್ಡೊ ಟ್ರ್ಯಾಕಲ್ಲಿ ಗಂಟೆಗೆ 300 ಕಿಲೋಮೀಟರ್ ದಾಟಿಸಿ ಗಂಟೆಗಟ್ಟಲೆ ಓಡಿಸಿದ್ರು. 1998ರಲ್ಲಿ ಬಿಎಂಡಬ್ಲ್ಯು 320ಡಿ ನೂರ್ಬರ್ಗ್‌ರಿಂಗ್ 24 ಗಂಟೆ ರೇಸ್ ಗೆದ್ದಿದೆ, 2006ರಲ್ಲಿ ಆಡಿ ಆರ್10 ಲೆ ಮಾನ್ಸ್ ಗೆದ್ದಿದೆ, ಎರಡೂ ಡೀಸೆಲ್ಲೇ. ಎರಡೂ ಇಡೀ ದಿನ ಇಡೀ ರಾತ್ರಿ ಓಡೋ ರೇಸು ಅನ್ನೋದನ್ನ ಗಮನಿಸಿ. ಡೀಸೆಲ್ ಗೆಲ್ಲೋದು ದೂರದಲ್ಲಿ. ಈ ಮಾತು ತಲೇಲಿ ಇಟ್ಕೊಳ್ಳಿ, ಮುಂದೆ ಮತ್ತೆ ಮತ್ತೆ ಇಲ್ಲಿಗೇ ಬರ್ತೀನಿ.

ಈಗ ನೀವು ನೋಡಿರೋ ಗಾಡಿ. 640ಡಿ ಗ್ರಾನ್ ಕೂಪೆ ನಮ್ಮ ದೇಶಕ್ಕೆ ಬಂದಿದ್ದು 2012ರ ಕೊನೇಲಿ. ನಾಲ್ಕು ಬಾಗಿಲು ಇದೆ, ಹಂಗಾದ್ರೆ ಕೂಪೆ ಹೆಂಗಾಯ್ತು ಅಂತ ಕೇಳೋರು ಇದಾರೆ, ಆ ವಾದ ನಂಗೆ ಬೇಡ. ರೂಫ್ ಹಿಂದಕ್ಕೆ ಇಳಿಯೋ ರೀತಿ, ಚೌಕಟ್ಟಿಲ್ಲದ ಕಿಟಕಿ ಗಾಜು, ಕೂತ್ರೆ ರೋಡಿಗೆ ಹತ್ರ ಇರೋ ಸೀಟು, ಇದೆಲ್ಲ ಕೂಪೆದೇ. ಉದ್ದ 5 ಮೀಟರ್ ಮೇಲೆ 7 ಮಿಲಿಮೀಟರ್. ಒಳಗಡೆ 2993 ಸಿಸಿ, ಸಾಲಾಗಿ ಆರು ಸಿಲಿಂಡರ್, ಎರಡು ಟರ್ಬೊ, 313 ಹಾರ್ಸ್ ಪವರ್, 630 ಎನ್ಎಂ ಟಾರ್ಕ್ (ಇಂಜಿನ್ ತಿರುಗಿಸೋ ಬಲ, ಎನ್ಎಂ ಅದರ ಅಳತೆ), 8 ಸ್ಪೀಡ್ ಆಟೋಮ್ಯಾಟಿಕ್.

ಆ 630 ಅನ್ನೋ ನಂಬರಲ್ಲೇ ಇಡೀ ಕಾರಿನ ಗುಣ ಅಡಗಿದೆ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೀನಿ. ಇದೇ ಕಾರು ಪೆಟ್ರೋಲಲ್ಲೂ ಇತ್ತು, 640ಐ ಅಂತ, 320 ಹಾರ್ಸ್ ಪವರ್, 450 ಎನ್ಎಂ. ಎರಡೂ ನೂರಕ್ಕೆ ಮುಟ್ಟೋದು 5.4 ಸೆಕೆಂಡಲ್ಲಿ, ಅಂದ್ರೆ ನಿಂತ ಜಾಗದಿಂದ ಕಾಲು ಒತ್ತಿ ಹಿಡಿದ್ರೆ ಎರಡೂ ಒಂದೇ. ಆದ್ರೆ ನಾವು ದಿನಾ ಹಂಗೆ ಓಡಿಸ್ತೀವೇನ್ರಿ? ನಾವು ಓಡಿಸೋದು ಇಂಜಿನ್ ನಿಮಿಷಕ್ಕೆ 1500 ಸುತ್ತು (ಆರ್‌ಪಿಎಂ) ತಿರುಗ್ತಿರೋವಾಗ, ಅರ್ಧ ಕಾಲಲ್ಲಿ. ಅಲ್ಲಿ ಲೆಕ್ಕ ಹಾಕಿ ನೋಡಿ, 1500 ಆರ್‌ಪಿಎಂಗೆ ಡೀಸೆಲ್ ಆಗ್ಲೇ ಪೂರ್ತಿ 630 ಕೊಡ್ತಿರುತ್ತೆ, ಅದು ಸುಮಾರು 134 ಹಾರ್ಸ್ ಪವರ್ ಆಯ್ತು, ಪೆಟ್ರೋಲ್ ಅದೇ 1500ಕ್ಕೆ 450 ಕೊಟ್ರೆ ಸುಮಾರು 96. ಅಂದ್ರೆ ನೀವು ನಿಜವಾಗ್ಲೂ ಬಳಸೋ ಜಾಗದಲ್ಲಿ ಡೀಸೆಲ್ ಕಾಲುಭಾಗಕ್ಕಿಂತ ಜಾಸ್ತಿನೇ ಮುಂದಿದೆ, ಪೆಟ್ರೋಲ್ ಅಷ್ಟು ಕೊಡೋಕೆ ಒಂದೋ ಎರಡೋ ಗೇರ್ ಇಳೀಬೇಕು, ಇಂಜಿನ್ ಕೂಗಬೇಕು.

ಇದು ಹೆಂಗೆ ಆಗುತ್ತೆ ಅಂದ್ರೆ, ಡೀಸೆಲಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ, ಗಾಳೀನೇ ಸುಮಾರು ಹದಿನಾರು ಪಟ್ಟು ಅದುಮಿ ಅದು ಕಾದ ಬಿಸಿಗೇ ಡೀಸೆಲ್ ಹೊತ್ಕೊಳ್ಳುತ್ತೆ. ಪೆಟ್ರೋಲಲ್ಲಿ ಅಷ್ಟು ಅದುಮಿ ಟರ್ಬೊನೂ ಒತ್ತಿದ್ರೆ ಹೊತ್ತಲ್ಲದ ಹೊತ್ತಲ್ಲಿ ಹೊತ್ಕೊಂಡು ಇಂಜಿನ್ ಟಣಟಣ ಬಡಿಯೋಕೆ ಶುರು ಮಾಡುತ್ತೆ, ಡೀಸೆಲಿಗೆ ಆ ಭಯ ಇಲ್ಲ ಯಾಕಂದ್ರೆ ಎಣ್ಣೆ ಒಳಗೆ ಹೋಗೋದೇ ಕೊನೇ ಗಳಿಗೇಲಿ. ಹಂಗಾಗಿ ಕೆಳಗಿನ ಆರ್‌ಪಿಎಂನಲ್ಲೇ ಟರ್ಬೊ ಧಾರಾಳವಾಗಿ ಗಾಳಿ ತುಂಬಬಹುದು. ಎರಡು ಟರ್ಬೊ ಯಾಕಂದ್ರೆ, ದೊಡ್ಡದು ಒಂದೇ ಇದ್ರೆ ಅದು ತಿರುಗಿ ಸ್ಪೀಡ್ ತಗೊಳ್ಳೋ ತನಕ ಗಾಡಿ ಸತ್ತಂಗಿರುತ್ತೆ, ಚಿಕ್ಕದೊಂದೇ ಇದ್ರೆ ಮೇಲೆ ಹೋದಾಗ ಉಸಿರು ಕಟ್ಟುತ್ತೆ. ಅದಕ್ಕೆ ಚಿಕ್ಕದು ಮೊದ್ಲು ಎದ್ದು ಕೆಲಸ ಶುರು ಮಾಡುತ್ತೆ, ನಡುವೆ ಎರಡೂ ಸೇರ್ತಾವೆ, ಮೇಲೆ ದೊಡ್ಡದು ವಹಿಸ್ಕೊಳ್ಳುತ್ತೆ. ಬಿಎಂಡಬ್ಲ್ಯು ಈ ಜೋಡಿ ಟರ್ಬೊ ಡೀಸೆಲ್ ಮೊದ್ಲು ತಂದಿದ್ದು 2004ರ 535ಡಿ ಕಾರಲ್ಲಿ, 272 ಹಾರ್ಸ್ ಪವರ್, ಆಮೇಲೆ 2007ರಲ್ಲಿ 635ಡಿ ಅಂತ ನಿಜವಾದ ಎರಡು ಬಾಗಿಲಿನ ಕೂಪೆಗೆ ಅದನ್ನೇ 286ಕ್ಕೆ ಏರಿಸಿ ಹಾಕಿದ್ರು, ನಿಮ್ಮ 640ಡಿ ಅದರ ಮುಂದಿನ ತಲೆಮಾರು.

ಇನ್ನು ಇಂಜೆಕ್ಷನ್, ಅಂದ್ರೆ ಸಿಲಿಂಡರ್ ಒಳಗೆ ಎಣ್ಣೆ ಚಿಮ್ಮಿಸೋ ಕೆಲಸ. ನಾನು ಪಂಪ್ ರೂಮಲ್ಲಿ ಇದ್ದಾಗ ಲಾರಿ ನಾಝಲ್ ಬೆಂಚಿಗೆ ಹಾಕಿ ಕೈಯಲ್ಲಿ ಪಂಪ್ ಹೊಡೆದು 200, 220 ಬಾರ್ ಒತ್ತಡಕ್ಕೆ ಅದು ಉಗುಳಿದ್ರೆ ಸರಿ ಅಂತಿದ್ವಿ. ಈ ಇಂಜಿನಲ್ಲಿ ರೈಲ್ ಒಳಗಿನ ಒತ್ತಡ 2000 ಬಾರ್ ತನಕ ಹೋಗುತ್ತೆ, ನಿಮ್ಮ ಕಾರ್ ಟಯರಲ್ಲಿರೋದು ಎರಡೂಕಾಲು ಬಾರ್ ಅಂದ್ಕೊಂಡ್ರೆ ಅದೆಷ್ಟು ಅಂತ ಅಂದಾಜು ಸಿಗುತ್ತೆ. ಅಷ್ಟು ಒತ್ತಡದಲ್ಲಿ ಒಂದೇ ಸ್ಟ್ರೋಕಿಗೆ ಎಣ್ಣೇನ ಸಣ್ಣ ಸಣ್ಣ ಕಂತಲ್ಲಿ ಬಿಡ್ತಾರೆ, ಮೊದ್ಲು ಒಂದು ಚೂರು ಬಿಟ್ಟು ಬೆಂಕಿ ಹಚ್ಚಿ ಆಮೇಲೆ ಉಳಿದಿದ್ದು. ಹಳೇ ಡೀಸೆಲ್ ಕಟಕಟ ಅಂತಿದ್ದಿದ್ದು ಎಲ್ಲಾ ಎಣ್ಣೆ ಒಂದೇ ಏಟಿಗೆ ಹೊತ್ಕೊಳ್ತಿದ್ದಕ್ಕೆ. ಈಗ ಆ ಏಟನ್ನ ಒಡೆದು ಹಂಚಿದಾರೆ. ಅದರ ಮೇಲೆ ಸಾಲು ಆರು ಸಿಲಿಂಡರ್ ಅನ್ನೋದು ಹುಟ್ಟಾ ಸಮತೋಲನದ ಇಂಜಿನ್, ಮುಂದಿನ ಮೂರರ ಅಲ್ಲಾಟನ ಹಿಂದಿನ ಮೂರು ತಾವೇ ಸರಿಮಾಡ್ಕೊಂಡು ಬಿಡ್ತಾವೆ, ಅಲ್ಲಾಟ ತಡೆಯೋಕೆ ಅಂತ ಬೇರೆ ಬ್ಯಾಲೆನ್ಸ್ ಶಾಫ್ಟ್ ಬೇಕಾಗಲ್ಲ. ಒಳಗೆ ಕೂತೋರಿಗೆ ದೂರದಲ್ಲೆಲ್ಲೋ ಗುಂಯ್ ಅನ್ನೋ ದನಿ ಮಾತ್ರ ಕೇಳುತ್ತೆ. ಬೆಳಗ್ಗೆ ಸ್ಟಾರ್ಟ್ ಮಾಡಿ ಹೊರಗೆ ಬಾನೆಟ್ ಮುಂದೆ ನಿಂತ್ರೆ ಡೀಸೆಲ್ ಅಂತ ಗೊತ್ತಾಗುತ್ತೆ, ಅದು ಆಗಲೇಬೇಕು, ನಂಗೆ ಆ ಸದ್ದು ಇಷ್ಟನೂ ಹೌದು.

ಓಡ್ಸೋಕೆ ಹೆಂಗೆ ಅಂತ ಕೇಳಿದ್ರಲ್ಲ. ನಮ್ಮ ಪರಿಚಯದೋರ 640ಡಿ ಒಂದನ್ನ ದಾವಣಗೆರೆಯಿಂದ ಬೆಂಗಳೂರಿಗೆ ಮೂರ್ನಾಲ್ಕು ಸಲ ಓಡಿಸಿದೀನಿ. ಹೆಬ್ಬಾಳು ಟೋಲ್ ದಾಟಿ ಭರಮಸಾಗರ ಬರೋ ಅಷ್ಟರಲ್ಲೇ ಕಾರು ಒಂದು ಲಯಕ್ಕೆ ಬಂದಿರುತ್ತೆ, ಎಂಟನೇ ಗೇರು, 100ರ ಸ್ಪೀಡು, ಆರ್‌ಪಿಎಂ ಮುಳ್ಳು 1500ರ ಆಸುಪಾಸು. ನಮ್ಮ ಹೈವೇಲಿ ಕಾರಿಗೆ ಮಿತಿ 100 ಅಲ್ವಾ, ಈ ಇಂಜಿನ್ನಿಗೆ ಪೂರ್ತಿ ಟಾರ್ಕ್ ಬರೋದೂ 1500ರಿಂದ 2500ರ ನಡುವೆ. ಅಂದ್ರೆ ನಿಮ್ಮ ರೋಡಿನ ಸ್ಪೀಡೂ ಈ ಇಂಜಿನ್ನಿನ ಬಲವೂ ಒಂದೇ ಜಾಗದಲ್ಲಿ ಬಂದು ಸೇರ್ತಾವೆ, ಇದು ಎಷ್ಟು ದೊಡ್ಡ ವಿಷಯ ಅಂತ ಜನ ಯೋಚನೆನೇ ಮಾಡಲ್ಲ. ಫಾಸ್ಟ್ ಲೇನಲ್ಲಿ 60ಕ್ಕೆ ಎರಡು ಲಾರಿ ಒಂದನ್ನೊಂದು ಹಿಂದೆ ಹಾಕೋಕೆ ಎರಡು ಕಿಲೋಮೀಟರ್ ತಗೊಳ್ತಾವೆ ನೋಡಿ, ಅವು ದಾರಿ ಬಿಟ್ಟ ಮೇಲೆ ನೀವು ಕಾಲನ್ನ ಒಂದಿಂಚು ಒತ್ತಿದ್ರೆ ಸಾಕು, ಗದ್ದಲ ಇಲ್ಲ, ಯಾರೋ ಬೆನ್ನಿಗೆ ಕೈ ಇಟ್ಟು ಮೆಲ್ಲಗೆ ಆದ್ರೆ ಬಿಡದಂಗೆ ತಳ್ಳಿದ ಹಾಗೆ ಹೋಗುತ್ತೆ. ಚಿತ್ರದುರ್ಗ ಹತ್ರ ಬಂದಾಗ ಗುಡ್ಡದ ಮೇಲೆ ಗಾಳಿಯಂತ್ರ ಸಾಲಾಗಿ ತಿರುಗ್ತಿರ್ತಾವಲ್ಲ, ಅವನ್ನ ಅಲ್ಲಿ ಸುಮ್ನೆ ನೆಟ್ಟಿಲ್ಲ, ಆ ಗಾಳಿ ಅಡ್ಡಕ್ಕೆ ಹೊಡೆಯುತ್ತೆ, ಎತ್ತರದ ಗಾಡಿಗಳು ಅಲ್ಲಿ ಒಂಚೂರು ಅಲುಗಾಡ್ತಾವೆ, ಇದು ತಗ್ಗು, ಉದ್ದ, 1800 ಕೆಜಿ ಮೇಲೆ ತೂಕ, ಗೆರೆ ಹಿಡಿದಂಗೆ ಹೋಗುತ್ತೆ. ಹಿರಿಯೂರು, ಶಿರಾ ದಾಟಿ ತುಮಕೂರು ಹತ್ರ ಟ್ರಾಫಿಕ್ ಗಟ್ಟಿಯಾಗೋ ತನಕ ಮೈಗೆ ಆಯಾಸ ಅನ್ನೋದೇ ಗೊತ್ತಾಗಲ್ಲ. ಅಲ್ಲಿಗೆ ಇಳಿದು ಕಾಲು ಚಾಚಿದಾಗ ನಂಗೆ ಅನ್ಸಿದ್ದು, ಹೊಟ್ಟೇಲಿ ದಾವಣಗೆರೆ ಬೆಣ್ಣೆ ದೋಸೆ ಇನ್ನೂ ಕರಗಿಲ್ಲ, ಆಗ್ಲೇ ಬಂದ್ಬಿಟ್ವಲ್ಲ ಅಂತ.

ಏನಿಲ್ಲ ಅಂತಾನೂ ಹೇಳ್ಬೇಕು. ಪೆಟ್ರೋಲ್ ಕೂಪೆ 6000ಕ್ಕೆ ಏರಿ ಹಾಡೋ ಖುಷಿ ಇದರಲ್ಲಿ ಇಲ್ಲ, 4400ಕ್ಕೆ ಪವರ್ ಮುಗೀತು, ಅದರ ಮೇಲೆ ತಿರುಗಿಸಿದ್ರೆ ಸುಮ್ನೆ ಸದ್ದು. ಮೂತಿ ಭಾರ, ಘಾಟಿ ತಿರುವಲ್ಲಿ ಒಂದಾದ ಮೇಲೊಂದು ಬಂದಾಗ ಗಾತ್ರ ಗೊತ್ತಾಗುತ್ತೆ. ನಿಮ್ಮ ಆಸೆ ಭಾನುವಾರ ಬೆಳಗ್ಗೆ ಜೋಗಿಮಟ್ಟಿ ಕಡೆ ಹೋಗಿ ತಿರುವಲ್ಲಿ ಆಡ್ಸೋದು ಅಂತಿದ್ರೆ ಫ್ರೆಂಡ್ಸ್ ಹೇಳಿದ್ದೇ ಸರಿ, ಸಣ್ಣ ಪೆಟ್ರೋಲ್ ಗಾಡಿ ನೋಡಿ. ವಾರಕ್ಕೆ 530 ಕಿಲೋಮೀಟರ್ ಓಡಾಡೋ ಮನುಷ್ಯನಿಗೆ ಆ ಸಲಹೆ ಹೊಂದಲ್ಲ. ಎಣ್ಣೆ ಖರ್ಚೂ ಹಂಗೇ, ಒಂದು ಲೀಟರ್ ಡೀಸೆಲಲ್ಲಿ ಪೆಟ್ರೋಲಿಗಿಂತ ಹತ್ತು ಪರ್ಸೆಂಟ್ ಹತ್ರ ಹೆಚ್ಚು ಶಕ್ತಿ ಇರುತ್ತೆ, ಮೇಲಿಂದ ಇಂಜಿನ್ ಅದನ್ನ ಕಮ್ಮಿ ಪೋಲು ಮಾಡುತ್ತೆ, 100ರಲ್ಲಿ ಸಮಾಧಾನವಾಗಿ ಹೋದ್ರೆ ನಂಗೆ ಲೀಟರಿಗೆ 14 ಬಂದಿದೆ. 70 ಲೀಟರ್ ಟ್ಯಾಂಕು, ಬೆಂಗಳೂರಿಗೆ ಹೋಗಿ ಬಂದು ಮತ್ತೊಂದ್ಸಲ ಬೆಂಗಳೂರು ಮುಟ್ಟಿಸ್ಬೋದು.

ಈಗ ಎಚ್ಚರಿಕೆ ಮಾತು, ಇದನ್ನ ದಯವಿಟ್ಟು ಹಾರಿಸ್ಬೇಡಿ. ಹೊಸ ಡೀಸೆಲ್ಲಿನ ಸೈಲೆನ್ಸರ್ ದಾರೀಲಿ ಡಿಪಿಎಫ್ ಅಂತ ಒಂದು ಜರಡಿ ಇರುತ್ತೆ, ಹೊಗೆಯ ಮಸಿ ಹಿಡ್ಕೊಳ್ಳೋಕೆ. ಅದು ತುಂಬಿದಾಗ ಇಂಜಿನ್ ತಾನೇ ಸ್ವಲ್ಪ ಹೆಚ್ಚು ಎಣ್ಣೆ ಬಿಟ್ಟು ಜರಡೀನ 600 ಡಿಗ್ರಿ ಹತ್ರ ಕಾಯಿಸಿ ಮಸಿ ಸುಟ್ಟು ಹಾಕುತ್ತೆ. ಇದಕ್ಕೆ ಹದಿನೈದು ಇಪ್ಪತ್ತು ನಿಮಿಷ ಒಂದೇ ಸಮನೆ ಓಟ ಬೇಕು. ಹೈವೇಲಿ ಇದು ಯಾವಾಗ ಆಯ್ತು ಅಂತಾನೂ ಗೊತ್ತಾಗಲ್ಲ. ಆದ್ರೆ ಬರೀ ಊರೊಳಗೆ, ಮನೆಯಿಂದ ಎಪಿಎಂಸಿ, ಎಪಿಎಂಸಿಯಿಂದ ಮನೆ, ಎರಡೆರಡು ಮೂರು ಮೂರು ಕಿಲೋಮೀಟರ್ ಓಡಿಸಿದ್ರೆ ಅರ್ಧ ಸುಡೋ ಹೊತ್ತಿಗೆ ನೀವು ಆಫ್ ಮಾಡಿರ್ತೀರ, ಮತ್ತೆ ಶುರು, ಮತ್ತೆ ಆಫ್. ಆ ಹೆಚ್ಚುವರಿ ಡೀಸೆಲ್ ಸಿಲಿಂಡರ್ ಗೋಡೆ ಹಿಡ್ಕೊಂಡು ಕೆಳಗಿಳಿದು ಇಂಜಿನ್ ಆಯಿಲ್ ಜೊತೆ ಸೇರುತ್ತೆ. ನಮ್ಮಲ್ಲಿಗೆ ಒಂದು ಗಾಡಿ ಬಂದಿತ್ತು, ಯಾವ ಕಂಪನಿ ಅನ್ನೋದು ಬೇಡ, ಓನರ್ ಬಹಳ ಸಂತೋಷದಲ್ಲಿ ಹೇಳಿದ್ರು ನಮ್ಮ ಗಾಡೀಲಿ ಆಯಿಲ್ ಕಮ್ಮಿನೇ ಆಗಲ್ಲ ಜಾಸ್ತಿ ಆಗುತ್ತೆ ಅಂತ. ಸ್ಟಿಕ್ ಎಳೆದು ಮೂಸಿದ್ರೆ ಡೀಸೆಲ್ ವಾಸನೆ. ತೆಳ್ಳಗಾದ ಆಯಿಲಲ್ಲಿ ಬೇರಿಂಗ್ ಅದೆಷ್ಟು ದಿನದಿಂದ ಸವೀತಿತ್ತೋ, ಇಂಜಿನ್ ಇಳಿಸಬೇಕಾಯ್ತು. ಆ ಮನುಷ್ಯ ಕಾರನ್ನ ಕೂಸಿನ ಹಂಗೆ ನೋಡ್ಕೊಂಡಿದ್ರು, ದಿನಾ ಒರೆಸ್ತಿದ್ರು, ಊರು ಬಿಟ್ಟು ಹೊರಗೆ ಒಯ್ದಿರಲಿಲ್ಲ ಅಷ್ಟೇ. ಇವತ್ತಿಗೂ ಅದನ್ನ ನೆನೆಸ್ಕೊಂಡ್ರೆ ಹೊಟ್ಟೆ ಚುರುಕ್ ಅನ್ನುತ್ತೆ.

ಅದಕ್ಕೆ ನಿಮಗೆ ಖಡಾಖಂಡಿತವಾಗಿ ಹೇಳ್ತೀನಿ, ವಾರಕ್ಕೊಂದು ಬೆಂಗಳೂರು ಟ್ರಿಪ್ ನಿಜವಾಗ್ಲೂ ಇದ್ರೆ, ಆ ಟ್ರಿಪ್ಪಿಗೆ ಇದೇ ಕಾರ್ ಒಯ್ಯೋದಿದ್ರೆ, ತಗೊಳ್ಳಿ. ಊರೊಳಗೆ ಓಡಾಡೋಕೆ ಈಗಿರೋ ಸಣ್ಣ ಗಾಡಿ ಮಾರ್ಬೇಡಿ. ಟ್ರೈನಲ್ಲಿ ಹೋಗಿ ಬಂದು ಕಾರು ಬರೀ ಮದುವೆ ಮನೆಗೆ ಅಂತಿದ್ರೆ ಬೇಡವೇ ಬೇಡ.

ಈಗ ಡೆಲ್ಲಿ ಗಾಡಿ ವಿಷಯ. ಅಷ್ಟು ಅಗ್ಗ ಯಾಕೆ ಅಂದ್ರೆ, 2015ರಲ್ಲಿ ಹಸಿರು ನ್ಯಾಯಮಂಡಳಿ ದೆಹಲಿ ಎನ್‌ಸಿಆರ್‌ನಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಓಡಬಾರದು ಅಂತ ಆದೇಶ ಮಾಡ್ತು, 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳ್ತು, ಅಲ್ಲಿಂದೀಚೆ ದೊಡ್ಡ ದೊಡ್ಡ ಡೀಸೆಲ್ ಕಾರು ದಕ್ಷಿಣಕ್ಕೆ ಇಳಿಯೋಕೆ ಶುರು ಆಯ್ತು. ಅಗ್ಗ ಅಂತ ಕಾರು ಕೆಟ್ಟದ್ದಾಗಲ್ಲ. ಆದ್ರೆ ಮೇಲೆ ಹೇಳಿದ್ದನ್ನ ಜೋಡಿಸ್ಕೊಂಡು ನೋಡಿ, ಸಿಟಿ ಟ್ರಾಫಿಕಲ್ಲೇ ಅರ್ಧ ಆಯಸ್ಸು ಕಳೆದ ಡೀಸೆಲ್ ಅದು. 40 ಸಾವಿರ ಕಿಲೋಮೀಟರ್ ಮಾತ್ರ ಓಡಿದೆ ಸಾರ್ ಅಂತ ಡೀಲರ್ ಹೆಮ್ಮೆಯಿಂದ ಹೇಳಿದ್ರೆ ನಾನಂತೂ ಒಂದು ಹೆಜ್ಜೆ ಹಿಂದೆ ಸರೀತೀನಿ. ಹೈವೇಲಿ ಲಕ್ಷ ಓಡಿ ಸರ್ವಿಸ್ ರೆಕಾರ್ಡ್ ಪೂರ್ತಿ ಇರೋ ಗಾಡಿ ನಂಗೆ ಅದಕ್ಕಿಂತ ಮೇಲು. ಡೆಲ್ಲಿ ಆರ್‌ಟಿಒದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಕೈಗೆ ಬರೋ ತನಕ ಅಡ್ವಾನ್ಸ್ ಕೊಡ್ಬೇಡಿ, ಇಲ್ಲಿ ಕೆಎ-17 ನಂಬರ್ ಮಾಡ್ಸೋಕೆ ನಮ್ಮ ರಾಜ್ಯದ ಲೈಫ್ ಟೈಮ್ ಟ್ಯಾಕ್ಸ್ ಎಷ್ಟು ಬೀಳುತ್ತೆ ಅಂತ ಆರ್‌ಟಿಒದಲ್ಲಿ ಮೊದ್ಲೇ ಕೇಳಿ, ಆ ದುಡ್ಡು ಸೇರಿಸಿದ ಮೇಲೂ ಅಗ್ಗ ಅನ್ಸಿದ್ರೆ ಮಾತ್ರ ಮುಂದೆ ಹೋಗಿ. ರಿಜಿಸ್ಟ್ರೇಷನ್ 15 ವರ್ಷಕ್ಕೆ ಮುಗಿಯುತ್ತೆ, ಆಮೇಲೆ ಎಫ್‌ಸಿ ಮಾಡಿಸಿ ಐದೈದು ವರ್ಷಕ್ಕೆ ರಿನ್ಯೂ, ಅದೂ ಲೆಕ್ಕದಲ್ಲಿರಲಿ.

ಗಾಡಿ ಚೆಕ್ ಮಾಡೋವಾಗ ನಂಗೆ ಮುಖ್ಯ ಅನ್ಸೋದು ಹೇಳ್ತೀನಿ. ಈ ಇಂಜಿನಲ್ಲಿ ಟೈಮಿಂಗ್ ಚೈನ್ (ವಾಲ್ವ್‌ಗಳನ್ನ ಹೊತ್ತಿಗೆ ಸರಿಯಾಗಿ ತೆಗೆದು ಮುಚ್ಚಿಸೋ ಸರಪಳಿ) ಇರೋದು ಮುಂದೆ ಅಲ್ಲ, ಹಿಂದೆ ಗೇರ್‌ಬಾಕ್ಸ್ ಕಡೆ. ಬಾನೆಟ್ ತಗ್ಗಿಸೋಕೆ ಅದು ಒಳ್ಳೇದು, ಆದ್ರೆ ಚೈನ್ ಕೆಲಸ ಬಂತು ಅಂದ್ರೆ ಗೇರ್‌ಬಾಕ್ಸ್ ಇಲ್ಲಾ ಇಂಜಿನ್ನೇ ಇಳಿಸಬೇಕು, ಬಿಲ್ ನೋಡಿದ್ರೆ ಕೂತ್ಕೋಬೇಕಾಗುತ್ತೆ. ಹಂಗಾಗಿ ಸ್ಟಾರ್ಟ್ ಮಾಡಿದಾಗ ಹಿಂಭಾಗದಿಂದ ಸರಪಳಿ ಎಳೆದಂಗೆ ಸರಸರ ಸದ್ದು ಬರುತ್ತಾ ಅಂತ ಕಿವಿಗೊಟ್ಟು ಕೇಳಿ, ಆಯಿಲ್ ಪ್ರತಿ ಸಲ ಯಾವಾಗ ಬದಲಾಯ್ಸಿದಾರೆ ನೋಡಿ, ನೀವು ತಗೊಂಡ್ ಮೇಲೆ ಕಾರು ಕೇಳೋ ತನಕ ಕಾಯ್ಬೇಡಿ, 10 ಸಾವಿರಕ್ಕೆ ಬದಲಾಯ್ಸಿ. 2018ರಲ್ಲಿ ಬಿಎಂಡಬ್ಲ್ಯು ತನ್ನ ಕೆಲವು ಡೀಸೆಲ್ ಇಂಜಿನ್‌ಗಳ ಇಜಿಆರ್ ಕೂಲರ್ (ಇಂಜಿನ್ನಿಗೆ ವಾಪಸ್ ಹೋಗೋ ಹೊಗೇನ ತಣ್ಣಗೆ ಮಾಡೋ ಭಾಗ) ಸಲುವಾಗಿ ಬಹಳ ದೇಶಗಳಲ್ಲಿ ಕಾರು ವಾಪಸ್ ಕರೆದಿತ್ತು, ಕೂಲೆಂಟ್ ಸೋರಿ ಮಸಿ ಜೊತೆ ಸೇರಿದ್ರೆ ಬೆಂಕಿ ಹತ್ಕೊಳ್ಳೋ ಅಪಾಯ ಇತ್ತು ಅಂತ. ಚಾಸಿ ನಂಬರ್ ಕೊಟ್ಟು ಅಧಿಕೃತ ಸರ್ವಿಸಲ್ಲಿ ಕೇಳಿ, ಈ ಗಾಡಿಗೆ ಅನ್ವಯ ಆಗುತ್ತಾ, ಆದ್ರೆ ಕೆಲಸ ಆಗಿದೆಯಾ ಅಂತ. ಡಿಪಿಎಫ್ ಒಳಗಿರೋದನ್ನ ಕಿತ್ತು ಖಾಲಿ ಡಬ್ಬ ಬಿಟ್ಟಿರೋ ಗಾಡಿನೂ ಬರ್ತಾವೆ, ಸೈಲೆನ್ಸರ್ ಬಾಯಿಗೆ ಬಿಳಿ ಬಟ್ಟೆ ಸುತ್ತಿದ ಬೆರಳು ಹಾಕಿ ಒರೆಸಿ, ಕಪ್ಪು ಮಸಿ ದಪ್ಪವಾಗಿ ಬಂದ್ರೆ ಅಲ್ಲೇ ಕೈಬಿಡಿ.

ರನ್ ಫ್ಲ್ಯಾಟ್ ಟಯರ್ ಇದ್ರೆ ಪಂಚರ್ ಆದ್ರೂ ಸುಮಾರು 80 ಕಿಲೋಮೀಟರ್ ದೂರ 80ರ ಸ್ಪೀಡಲ್ಲಿ ಹೋಗ್ಬೋದು, ಹಿರಿಯೂರಿಂದ ದಾವಣಗೆರೆ ಅದಕ್ಕಿಂತ ದೂರ ಅನ್ನೋದು ನೆನಪಿರಲಿ. ಚನ್ನಗಿರಿ ಕಡೆ ತೋಟಕ್ಕೆ ಮಾತ್ರ ಇದನ್ನ ಒಯ್ಯಬೇಡಿ, ಊರೂರಿಗೆ ಬಣ್ಣ ಇಲ್ಲದ ಹಂಪ್ ಇದಾವೆ, ಹೊಟ್ಟೆ ಉಜ್ಜುತ್ತೆ.

ಕೊನೇದಾಗಿ ಅಮ್ಮನ ವಿಷಯ, ನಿಜ ಹೇಳ್ಬೇಕಂದ್ರೆ ನಿಮ್ಮ ಪ್ರಶ್ನೇಲಿ ನಂಗೆ ಯೋಚನೆಗೆ ಹಚ್ಚಿದ್ದು ಇದೇ. ಹಿಂದಿನ ಸೀಟು ತಗ್ಗು, ರೂಫ್ ಇಳಿಜಾರು, ತಲೆ ಬಗ್ಗಿಸಿ ಒಂದು ಕಾಲು ಒಳಗಿಟ್ಟು ಜಾರಿದಂಗೆ ಕೂರಬೇಕು, ಸೀರೆ ಉಟ್ಟೋರಿಗೆ ಮಂಡಿ ನೋವಿರೋರಿಗೆ ಅದು ಸಲೀಸಲ್ಲ. ಕೂತ ಮೇಲೆ ಸುಖ ಇದೆ, ಏಳೋವಾಗ ಯಾರಾದ್ರೂ ಕೈ ಕೊಡ್ಬೇಕು. ಮುಂದಿನ ಸೀಟು ವಾಸಿ, ಬಾಗಿಲು ಅಗಲ ಇದೆ, ಸೀಟನ್ನ ಪೂರ್ತಿ ಹಿಂದಕ್ಕೆ ಸರಿಸಿ ಎಷ್ಟಾಗುತ್ತೋ ಅಷ್ಟು ಮೇಲಕ್ಕೆ ಎತ್ತಿಬಿಟ್ರೆ ಅವರು ಮೊದ್ಲು ಕೂತು ಆಮೇಲೆ ಎರಡೂ ಕಾಲು ಒಟ್ಟಿಗೆ ಒಳಗೆ ತಗೋಬೋದು. ಟೆಸ್ಟ್ ಡ್ರೈವಿಗೆ ಹೋಗೋವಾಗ ಅವರನ್ನೂ ಕರ್ಕೊಂಡು ಹೋಗಿ, ಒಂದೈದು ಸಲ ಹತ್ತಿ ಇಳಿಯೋಕೆ ಹೇಳಿ. ಡೀಲರ್‌ಗೆ ಹಿಂದಿನ ದಿನಾನೇ ಹೇಳಿಡಿ, ನಾವು ಬರೋಕಿಂತ ಮುಂಚೆ ಇಂಜಿನ್ ಸ್ಟಾರ್ಟ್ ಮಾಡಿರಬಾರ್ದು ಅಂತ, ಆ ಚೈನ್ ಸದ್ದನ್ನ ತಣ್ಣಗಿರೋ ಇಂಜಿನಲ್ಲೇ ಕೇಳ್ಬೇಕು, ಹೋದ ಕೂಡ್ಲೇ ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿ. ಬೆಚ್ಚಗಿದ್ರೆ ಆವತ್ತು ವ್ಯಾಪಾರ ಮಾತಾಡ್ಬೇಡಿ, ಇನ್ನೊಂದು ದಿನ ಬೆಳಗ್ಗೆ ಬರ್ತೀವಿ ಅನ್ನಿ.